ಗೀರಿನಾಚೆಯ ದನಿ

“ಈ ಸಿಡಿ ಮಾತ್ರ ಮಾರೋಕಲ್ಲ,” ಎಂದಳು ಆ ಮನೆಯ ಮುದುಕಿ. “ಇದರ ಮೇಲೊಂದು ಗೀರಿದೆ ನೋಡಿ. ಅದನ್ನ ಯಾರೂ ಉಜ್ಜಿ ತೆಗೀಬಾರದು. ಮಾಟದ ಗೀರು ಅದು.”

ಕಿವಿರಾಯ ನಗು ತಡೆದುಕೊಳ್ಳಲಿಲ್ಲ. “ಸಿಡಿಗೂ ಮಾಟ ಮಾಡಿಸ್ತಾರಾ ಅಮ್ಮಾ? ಇನ್ನು ಇಸ್ತ್ರಿಪೆಟ್ಟಿಗೆಗೂ ಮಾಡಿಸ್ತಾರೆ ಬಿಡಿ!”

ಮುದುಕಿ ನಗಲಿಲ್ಲ. ಸಿಡಿಯನ್ನು ಅಂಚಿನಲ್ಲಿ ಹಿಡಿದು, ಬಿಸಿ ಪಾತ್ರೆ ಇಳಿಸುವವಳ ಹಾಗೆ ಮೇಜಿನ ಮೇಲಿಟ್ಟಳು. ತೀರಿಕೊಂಡ ಗಂಡನ ಪ್ಲೇಯರು, ಸ್ಪೀಕರುಗಳು, ಗೋಡೆಯುದ್ದಕ್ಕೂ ಜೋಡಿಸಿದ್ದ ಸಿಡಿಗಳು ಎಲ್ಲವನ್ನೂ ಕೇಳಿದ ಬೆಲೆಗೆ ಕೊಟ್ಟವಳು, ಹೆಸರಿಲ್ಲದ ಈ ಒಂದು ಬೆಳ್ಳಿ ಬಿಲ್ಲೆಗೆ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ಕಿವಿರಾಯ ಎಂಬುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸದಲ್ಲಿದ್ದುಕೊಂಡು ದಿನವಿಡೀ ಕಿವಿಯ ಮಾತೇ ಆಡುತ್ತಾನೆಂದು ಜೊತೆಯವರು ಇಟ್ಟದ್ದು. ಊರೆಲ್ಲ ಫೋನಿನಲ್ಲಿ ಹಾಡು ಕೇಳುವ ಕಾಲದಲ್ಲಿ ಇವನಿಗೆ ಸಿಡಿಯ ಗೀಳು. ಮುಚ್ಚುವ ಅಂಗಡಿ, ಖಾಲಿಯಾಗುವ ಮನೆ ಎಲ್ಲಿದ್ದರೂ ವಾಸನೆ ಹಿಡಿದು ಹೋಗುತ್ತಿದ್ದ. ಸತ್ತವರ ಮನೆಯ ಸಾಮಾನು ಮಾರಾಟಕ್ಕಿದೆ ಎಂದು ತಿಳಿದರೆ ಸಮಾಧಾನ ಹೇಳುವವರಿಗಿಂತ ಮೊದಲೇ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದ. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಎಂಬುದು ಅವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಬೇಡವೆಂದ ವಸ್ತುವಿನ ಮೇಲೆಯೇ ಕಣ್ಣು ಬೀಳುವ ಜಾತಿ ಅವನದು. ಮುದುಕಿ ರಿಮೋಟು ತರಲು ಒಳಕ್ಕೆ ಹೋದಳು. ಕಿವಿರಾಯ ಆ ಸಿಡಿಯನ್ನೆತ್ತಿ, ತಾನು ಕೊಂಡಿದ್ದ ಬೇರೊಂದು ಸಿಡಿಯ ಡಬ್ಬಿಯೊಳಗೆ ಸೇರಿಸಿಬಿಟ್ಟ. ಮೇಜಿನ ಮೇಲೆ ಬದಲಿಗೆ ಇನ್ನೊಂದನ್ನು ಇಟ್ಟ.

ಅವನ ಮನೆ ಚಿಕ್ಕದು. ನಡುಮನೆಯ ಅರ್ಧವನ್ನು ಪ್ಲೇಯರುಗಳೂ ಒಂದು ಮರದ ಪೆಟ್ಟಿಗೆಯೂ ನುಂಗಿದ್ದವು. ಬಿಸಿಲಿನ ಕಾಟ ಬೇಡವೆಂದು ಅಲ್ಲಿನ ಕಿಟಕಿಗಳಿಗೆ ಯಾವಾಗಲೂ ದಪ್ಪ ಪರದೆ. ಹಗಲಲ್ಲೂ ಆ ಜಾಗದಲ್ಲಿ ಕತ್ತಲು, ಬಿಸಿಯಾದ ವೈರಿನ ವಾಸನೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಮಗಳು ಎರಡನೇ ಕ್ಲಾಸು. ಎದ್ದಾಗಿನಿಂದ ಮಲಗುವವರೆಗೂ ಬಾಯಿಗೆ ಬಿಡುವು ಕೊಡದ ಅವಳನ್ನು ಮನೆಯಲ್ಲಿ ಗಿಣಿ ಎಂದೇ ಕರೆಯುತ್ತಿದ್ದರು. ಗಿಣಿಗೆ ಅಪ್ಪನೆಂದರೆ ಜೀವ. ಅಪ್ಪನಿಗೂ ಗಿಣಿಯೆಂದರೆ ಜೀವವೇ, ಆದರೆ ಹಾಡು ನಿಂತ ಮೇಲೆ.

ಅವನು ಅಂಗಡಿಯಿಂದ ತಂದ ಪಾಲಿಶ್ ಹಚ್ಚಿ ಸಿಡಿಯನ್ನು ಉಜ್ಜಲು ಕೂತ. ಗೀರು ವಿಚಿತ್ರವಾಗಿತ್ತು. ಕೈಜಾರಿ ಆದದ್ದಲ್ಲ, ಯಾರೋ ಸೂಜಿ ಹಿಡಿದು, ಹಲ್ಲು ಕಚ್ಚಿ ಎಳೆದ ಹಾಗೆ ಅಡ್ಡಡ್ಡ ಹೋಗಿತ್ತು. ಅದರ ಆಳದಲ್ಲಿ ಏನೋ ಕರಿ ತುಂಬಿತ್ತು. ಉಜ್ಜುತ್ತಿದ್ದಂತೆ ಬಟ್ಟೆಗೆ ಮಸಿ ಹತ್ತಿತು. ಸುಟ್ಟ ಕೂದಲಿನ ವಾಸನೆ ಬಂತು. ಮೂಗು ಮುಚ್ಚಿಕೊಂಡು ಉಜ್ಜಿದ. ಸಂಜೆಯ ಹೊತ್ತಿಗೆ ಸಿಡಿ ಕನ್ನಡಿಯಂತಾಯಿತು, ಅವನ ಮುಖವೇ ಅದರಲ್ಲಿ ಕಂಡಿತು. ತನ್ನ ಕೈಚಳಕಕ್ಕೆ ತಾನೇ ಭೇಷ್ ಎಂದುಕೊಂಡ.

ಮುದುಕಿಯ ಗಂಡನ ಭಾರದ ಪ್ಲೇಯರಿಗೇ ಅದನ್ನು ಹಾಕಿದ. ಮೊದಲು ಹೆಂಗಸೊಬ್ಬಳ ಹಾಡು, ಪದಗಳಿಲ್ಲದ ಬರೀ ಗುನುಗು. ಗೀರು ಇದ್ದ ಜಾಗ ದಾಟಿತು. ಗುನುಗು ನಿಂತಿತು. ಆಮೇಲೆ ಒಂದು ಮೌನ. ಎಂಥ ಮೌನ! ಇಷ್ಟು ವರ್ಷ ಸಾವಿರ ಸಿಡಿ ಕೇಳಿದರೂ ಅಂಥ ಶುದ್ಧ ಮೌನವನ್ನು ಅವನು ಕೇಳಿರಲಿಲ್ಲ. ಬಗ್ಗಿ ಕೂತ. ಮೈಯೆಲ್ಲ ಕಿವಿಯಾಗಿ ಕೂತ.

“ಅಪ್ಪಾ, ಇವತ್ತು ಸ್ಕೂಲಲ್ಲಿ ಏನಾಯ್ತು ಗೊತ್ತಾ…” ಗಿಣಿ ಓಡಿಬಂದು ತೋಳು ಹಿಡಿದಳು.

“ಶ್!” ತಿರುಗಿಯೂ ನೋಡದೆ ಅವನು ಕೈಯೆತ್ತಿದ. “ಬಾಯ್ಮುಚ್ಚು!”

ಗಿಣಿ ಬಾಯಿ ಮುಚ್ಚಿದಳು ಎಂದೇ ಅವನು ತಿಳಿದ.

ಊಟದ ಹೊತ್ತಿಗೆ ಅವಳ ತುಟಿ ಒಂದೇ ಸಮನೆ ಆಡುತ್ತಿತ್ತು, ದನಿ ಮಾತ್ರ ಇಲ್ಲ. ಆಟವಾಡುತ್ತಿದ್ದಾಳೆ ಎಂದುಕೊಂಡು ನಕ್ಕ. “ಏನೇ ಇದು, ಮೂಕಿ ಆಟ? ಜೋರಾಗಿ ಹೇಳು.”

ಹೆಂಡತಿ ತುತ್ತು ಕೈಯಲ್ಲೇ ಹಿಡಿದು ಅವನನ್ನೇ ನೋಡಿದಳು. “ರೀ, ಆಗ್ಲಿಂದ ಅರಚ್ತಾನೇ ಇದ್ದಾಳಲ್ಲ! ನಿಮಗೇನಾಗಿದೆ?”

ಅವನು ಕಿವಿಗೊಟ್ಟು ಆಲಿಸಿದ. ಹೆಂಡತಿಯ ಮಾತು ಕೇಳುತ್ತಿದೆ. ಫ್ಯಾನಿನ ಸದ್ದು ಕೇಳುತ್ತಿದೆ. ಗಿಣಿಯ ಚಮಚ ತಟ್ಟೆಗೆ ತಾಗುವುದೂ ಕೇಳುತ್ತಿದೆ. ಗಿಣಿ ಮಾತ್ರ ಕೇಳುತ್ತಿಲ್ಲ. ಮರುದಿನ ಕಿವಿಯ ಡಾಕ್ಟರು ಯಂತ್ರವಿಟ್ಟು ಪರೀಕ್ಷೆ ಮಾಡಿ, ನಿಮ್ಮಂಥ ಕಿವಿ ಸಾವಿರಕ್ಕೊಂದು ಎಂದು ಬೆನ್ನು ತಟ್ಟಿ ಕಳಿಸಿದರು.

ಅಂದು ಸಂಜೆ, ತಲೆ ಕೆಟ್ಟು, ಹೆಡ್‌ಫೋನ್ ಹಾಕಿಕೊಂಡು ಆ ಸಿಡಿಯನ್ನೇ ಮತ್ತೆ ಹಾಕಿದ. ಗೀರಿನ ಜಾಗ ದಾಟಿತು. ಮೌನ ಬಂತು. ಮೌನದೊಳಗಿಂದ ಗಿಣಿಯ ದನಿ ಬಂತು. ಗೊಂಬೆಗೆ ಬೈಯುತ್ತಿದ್ದಳು. ಹಲ್ಲು ಬಿದ್ದ ಸಂದಿಯಿಂದ ಗಾಳಿ ಸೋರುವುದು, ಎಂಜಲು ನುಂಗುವುದು, ಒಂದೊಂದೂ ಸ್ಪಷ್ಟ. ಅವನು ಕಿತ್ತೆಸೆಯುವ ಹಾಗೆ ಹೆಡ್‌ಫೋನ್ ತೆಗೆದ. ಸಿಡಿಯನ್ನು ಜೇಬಿಗೆ ಹಾಕಿಕೊಂಡು ಮುದುಕಿಯ ಮನೆಗೆ ಓಡಿದ.

ಮುದುಕಿ ಅವನ ಮುಖ ನೋಡಿಯೇ ಎಲ್ಲ ತಿಳಿದಳು. ಕಳ್ಳ ಎಂದು ಬೈಯಲಿಲ್ಲ. “ಯಾರನ್ನ ಸುಮ್ಮನಿರಿಸಿದ್ರಿ?” ಎಂದಳು.

“ಮಗಳನ್ನ.”

ಅವಳು ಕುರ್ಚಿ ಎಳೆದುಕೊಂಡು ಕೂತಳು. “ಆ ಮನುಷ್ಯನೂ ಹಾಗೇ. ಹಾಡು ಕೇಳ್ತಾ, ನಾನು ನೋವು ಅಂದ್ರೂ ‘ಶ್’ ಅಂತ ಕೈಯೆತ್ತೋನು, ಹಸಿವು ಅಂದ್ರೂ ಕೈಯೆತ್ತೋನು. ತಡೀಲಾರದೆ ಮಾಟ ಮಾಡಿಸ್ದೆ. ನನ್ನ ಕೂದಲೇ ಕೊಟ್ಟು ಮಾಡಿಸ್ದೆ. ನನ್ನ ಮಾತಿಗೆ ಕಿವಿ ಕೊಡದವನು ಆ ಸಿಡಿಯೊಳಗೇ ಕೇಳಲಿ ಅಂತ. ಕೇಳ್ದ. ಎದುರಿಗೆ ನಿಂತು ಕೂಗ್ತಿದ್ರೆ ನನ್ನ ಕಡೆ ನೋಡ್ತಾನೇ ಇರ್ಲಿಲ್ಲ, ಅದನ್ನೇ ಕೇಳ್ತಾ ಕೂತಲ್ಲೇ ಹೋಗ್ಬಿಟ್ಟ. ಆಮೇಲೆ ಆ ಮಾಟ ಮುಚ್ಚೋಕೆ ಅದೇ ಕೂದಲ ಮಸಿ ತುಂಬಿ ಗೀರು ಎಳೆಸ್ದೆ, ಅದನ್ನ ನೀವು ಉಜ್ಜಿ ತೆಗೆದ್ರಿ.”

“ಒಡೆದು ಹಾಕ್ತೀನಿ ಇದನ್ನ!”

“ಒಡೆದ್ರೆ ಒಳಗಿರೋ ದನಿ ಯಾರದೋ, ಅವರ ಉಸಿರೂ ಹೋಗುತ್ತೆ.” ಮುದುಕಿ ಅವನ ಕೈ ಹಿಡಿದುಕೊಂಡಳು. “ಹಾಕ್ಬೇಡಿ, ಅಷ್ಟೇ. ಬೀಗ ಹಾಕಿ ಇಡಿ. ಮಗೂನ ಮುಖ ನೋಡಿ. ತುಟಿ ನೋಡಿ ಮಾತು ಕಲೀರಿ. ಕಿವಿ ಕೊಡೋದು ಅಂದ್ರೆ ಅದೇ. ದಿನಾ ಕೂತ್ರೆ, ಒಂದಿನ ದನಿ ತಾನಾಗೇ ವಾಪಸ್ ಬರುತ್ತೆ. ಅದು ಬರೋ ಹೊತ್ತಲ್ಲಿ ಇನ್ನೊಂದೇ ಒಂದು ಸಲ ಹಾಕಿದ್ರೂ ಮುಗೀತು. ಆಮೇಲೆ ಅತ್ತರೂ ಇಲ್ಲ, ಹೊರಳಾಡಿದ್ರೂ ಇಲ್ಲ.”

ಈ ಸಲ ಅವನು ನಗಲಿಲ್ಲ.

ಸಿಡಿಯನ್ನು ಕಬೋರ್ಡಿನಲ್ಲಿಟ್ಟು ಬೀಗ ಹಾಕಿದ. ದಿನವೂ ಸಂಜೆ ಗಿಣಿಯ ಎದುರು ನೆಲದ ಮೇಲೆ ಕೂತ. ನಿಜ ಹೇಳಬೇಕೆಂದರೆ, ಆ ಮಗುವಿನ ಮುಖವನ್ನು ಅವನು ಸರಿಯಾಗಿ ನೋಡಿದ್ದೇ ಆಗ. ಸುಳ್ಳು ಹೇಳುವಾಗ ಎಡಗಣ್ಣು ಸಣ್ಣದಾಗುವುದು, ‘ಬೇಡ’ ಎನ್ನುವಾಗ ತುಟಿ ಮುಂದಕ್ಕೆ ಬರುವುದು ಎಲ್ಲ ಕಲಿತ. ಪರದೆಗಳನ್ನು ಸರಿಸಿದ. ಹೆಂಡತಿ ಬಾಗಿಲಲ್ಲಿ ನಿಂತು ಅಪ್ಪ ಮಗಳನ್ನು ನೋಡಿ ಕಣ್ಣೊರೆಸಿಕೊಂಡಳು. ಹೀಗೆ ವಾರಗಳು ಕಳೆದವು. ಒಂದು ಬೆಳಗ್ಗೆ ಗಿಣಿ ಅವನನ್ನು ಎಬ್ಬಿಸಲು ಕೆನ್ನೆ ತಟ್ಟಿದಾಗ, ದೂರದಲ್ಲೆಲ್ಲೋ ಯಾರೋ ಕರೆದಂತೆ, ‘ಪ್ಪಾ’ ಎಂದು ಕೇಳಿಸಿತು. ಅವನು ಅವಳನ್ನು ತಬ್ಬಿಕೊಂಡು ಗಳಗಳನೆ ಅತ್ತುಬಿಟ್ಟ.

ಅವತ್ತು ಭಾನುವಾರ. ಮಧ್ಯಾಹ್ನ ಹೆಂಡತಿ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಗಿಣಿ ಕಣ್ಣು ಮುಚ್ಚಿಕೊಂಡು ತೋರಿಸಿದಳು: ಕಣ್ಣಾಮುಚ್ಚಾಲೆ.

“ಸರಿ, ಬಚ್ಚಿಟ್ಕೋ ಹೋಗು. ನಾನು ಹುಡುಕ್ತೀನಿ,” ಎಂದು ಅವನು ಗೋಡೆಗೆ ಮುಖ ಮಾಡಿ ಎಣಿಸಿದ. ಹಿಂದೆ ಪುಟ್ಟ ಹೆಜ್ಜೆಗಳ ಸದ್ದು. ಆಮೇಲೆ ಏನೋ ಮುಚ್ಚಿಕೊಂಡ ಸದ್ದು. ಆಮೇಲೆ ನಿಶ್ಶಬ್ದ.

ಎಣಿಕೆ ಮುಗಿಸಿ ತಿರುಗಿದರೆ ಎದುರಿಗೆ ಸಿಡಿಯಿಟ್ಟ ಕಬೋರ್ಡು.

ಬೆಳಗ್ಗೆ ಕೇಳಿದ್ದು ನಿಜವಾಗಿ ಅವಳ ದನಿಯೇ? ಅಥವಾ ಆಸೆಯ ಕಿವಿಗೆ ಹಾಗೆ ಕೇಳಿಸಿತೇ? ಎರಡು ಪ್ಲೇಯರನ್ನು ಅಕ್ಕಪಕ್ಕ ಇಟ್ಟು ಹೋಲಿಸದೆ ಯಾವುದನ್ನೂ ನಂಬಿದವನಲ್ಲ ಕಿವಿರಾಯ. ಒಂದೇ ಒಂದು ಸಲ ಆ ಸಿಡಿಯ ದನಿಯೊಂದಿಗೆ ಹೋಲಿಸಿ ನೋಡಿದರೆ ಅನುಮಾನ ತೀರುತ್ತದೆ. ಅವಳಿನ್ನೂ ಬಚ್ಚಿಟ್ಟುಕೊಂಡಿರುತ್ತಾಳೆ, ಸ್ವಲ್ಪ ಕಾಯಲಿ, ಆಟ ಇನ್ನೂ ಮಜವಾಗುತ್ತದೆ. ಮುದುಕಿಯ ಮಾತು ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಬೆರಳು ಬೀಗ ತೆಗೆಯುತ್ತಿರುವಾಗಲೇ ನೆನಪಾಯಿತು.

ಹೆಡ್‌ಫೋನ್ ಹಾಕಿಕೊಂಡ. ಹತ್ತಿರವಿದ್ದ ಸಣ್ಣ ಪ್ಲೇಯರಿಗೆ ಸಿಡಿ ಹಾಕಿದ.

ಗುನುಗು. ಮೌನ. ಆಮೇಲೆ ಗಿಣಿಯ ನಗು, ಅಂಗೈ ಅಡ್ಡ ಹಿಡಿದು ನಗುವ ಕಿಸಿಕಿಸಿ. ಅವನ ಮುಖ ಅರಳಿತು. ಕಣ್ಣು ಮುಚ್ಚಿ ಒರಗಿದ. ಹಳೆಯ ನಗು ಇರಬೇಕು, ಎಂದೋ ಸೇರಿಕೊಂಡದ್ದು. ಎಷ್ಟು ಹತ್ತಿರ! ಕಿವಿಯ ಪಕ್ಕದಲ್ಲೇ ಉಸಿರಾಡಿದಂತೆ.

ಸ್ವಲ್ಪ ಹೊತ್ತಿಗೆ ದನಿ ಮಂಕಾಯಿತು. ಅಪ್ಪಾ, ಎಂದಿತು. ಆಮೇಲಿನ ಮಾತು ಕಲಸಿಹೋಯಿತು, ಬಟ್ಟೆ ಸುತ್ತಿದ ಹಾಗೆ, ಡಬ್ಬದೊಳಗಿಂದ ಬಂದ ಹಾಗೆ. ಕಿವಿರಾಯ ಹುಬ್ಬು ಗಂಟಿಕ್ಕಿದ. ಲೆನ್ಸಿಗೆ ಧೂಳು ಕೂತಿರಬೇಕು. ಸಿಡಿ ನಿಲ್ಲಿಸಿದ. ಹತ್ತಿ ತಂದ, ಸ್ಪಿರಿಟ್ ತಂದ, ನಿಧಾನವಾಗಿ, ಅಚ್ಚುಕಟ್ಟಾಗಿ ಲೆನ್ಸ್ ಒರೆಸಿದ. ಹೆಡ್‌ಫೋನ್ ತಲೆಯ ಮೇಲೇ ಇತ್ತು. ಕಾಲಡಿಯ ನೆಲ ಸಣ್ಣಗೆ ಅದುರಿತು. ಕೆಳಗಿನ ಮನೆಯವರು ಮಂಚ ಎಳೆಯುತ್ತಿರಬೇಕು ಎಂದುಕೊಂಡ.

ಮತ್ತೆ ಹಾಕಿದ. ಈಗಲೂ ಮಂಕು. ಈಗ ಅಳು. ದನಿ ಎಡಗಡೆಯಿಂದ, ಸ್ವಲ್ಪ ಹಿಂದಿನಿಂದ, ಕೆಳಗಿನಿಂದ ಬರುತ್ತಿತ್ತು. ಜಾಗ ಇಷ್ಟು ನಿಖರವಾಗಿ ತಿಳಿಯುವಂತೆ ಯಾವ ಸಿಡಿಯೂ ಕೇಳಿಸಿರಲಿಲ್ಲ! ಆ ಬೆರಗಿಗೆ ಅವನ ತುಟಿಯ ಮೇಲೆ ನಗು ಮೂಡಿತು. ಈ ಮಂಕು ಒಂದು ಹೋಗಿಬಿಟ್ಟರೆ! ವೈರು ಬದಲಿಸಿದ. ಗುಂಡಿ ತಿರುಗಿಸಿದ. ಕೊನೆಗೆ ಸಿಡಿ ತೆಗೆದು ಮುದುಕಿಯ ಗಂಡನ ಪ್ಲೇಯರಿಗೆ ಹಾಕಿದ.

ಅದರಲ್ಲಿ ಎಲ್ಲ ನಿಚ್ಚಳವಾಯಿತು.

“ಅಪ್ಪಾ… ಸಾಕು… ಆಟ ಬೇಡ… ಪೆಟ್ಟಿಗೆ ತೆಗಿ…”

ಪೆಟ್ಟಿಗೆ.

ಎಡಗಡೆ. ಹಿಂದೆ. ಕೆಳಗೆ.

ಅವನು ತಿರುಗಿದ. ಪ್ಲೇಯರುಗಳ ಪ್ಯಾಕಿಂಗ್ ತುಂಬಿಡುವ ಮರದ ಪೆಟ್ಟಿಗೆ. ಮುಚ್ಚಳದ ಚಿಲಕ ತಾನಾಗಿ ಬಿದ್ದಿತ್ತು. ಹಿಂದೆಂದೋ ವೈರು ತೂರಿಸಲು ಕೊರೆದ ಬೆರಳುಗಾತ್ರದ ತೂತಿನಲ್ಲಿ ಪುಟ್ಟ ಬೆರಳೊಂದು ಸಿಕ್ಕಿಕೊಂಡಿತ್ತು. ಬೆರಳು ಆಡುತ್ತಿರಲಿಲ್ಲ.

ಹೆಡ್‌ಫೋನ್ ಹಾರಿಬಿತ್ತು. ಓಡಿದ. ಚಿಲಕ ಬಿಗಿದಿತ್ತು. ಬರುತ್ತಿಲ್ಲ. ಗುದ್ದಿದ. ಉಗುರು ಕಿತ್ತುಬಂತು. ರಕ್ತ. ಎಳೆದ. ಮುಚ್ಚಳ ತೆರೆಯಿತು.

ಥರ್ಮೋಕೋಲಿನ ಚೂರುಗಳ ನಡುವೆ ಗಿಣಿ ಮುದುಡಿ ಬಿದ್ದಿದ್ದಳು. ತುಟಿ ನೀಲಿ. ಕೂದಲು ಬೆವರಿಗೆ ಹಣೆಗಂಟಿತ್ತು. ಎತ್ತಿ ಕೂರಿಸಿದ, ಬೆನ್ನು ಉಜ್ಜಿದ, ದೇವರೇ ದೇವರೇ ಎಂದ. ಎದೆ ಒಮ್ಮೆ ಹಾರಿತು. ಇನ್ನೊಮ್ಮೆ ಹಾರಿತು. ಕಣ್ಣು ಬಿಟ್ಟಳು. ಜೀವವಿತ್ತು. ಆ ತೂತು ಅವಳ ಜೀವ ಉಳಿಸಿತ್ತು. ಆ ತೂತಿನಿಂದಲೇ ಅವಳು ಇಷ್ಟು ಹೊತ್ತೂ ಅಪ್ಪನನ್ನು ನೋಡಿದ್ದಳು.

ಅವಳ ಬಾಯಿ ತೆರೆಯಿತು. ಕತ್ತಿನ ನರ ಉಬ್ಬಿತು. ಏನೋ ಹೇಳಿದಳು, ಮತ್ತೆ ಹೇಳಿದಳು, ಅರಚಿದಳು. ಬೆಳಗ್ಗೆ ಕೇಳಿದ್ದ ಆ ಸಣ್ಣ ‘ಪ್ಪಾ’ ಕೂಡ ಇಲ್ಲ. ತುಟಿ ನೋಡಿ ತಿಳಿಯೋಣವೆಂದರೆ ಅವನ ಕಣ್ಣು ತುಂಬಿ ಎಲ್ಲ ಕಲಸಿತ್ತು. ಏನು ಹೇಳುತ್ತಿದ್ದಾಳೆ? ಎಲ್ಲಿ ನೋವು? ಉಸಿರು ಕಟ್ಟುತ್ತಿದೆಯೇ? ಕೇಳಬೇಕು. ಈಗಲೇ ಕೇಳಬೇಕು.

ಅವನು ಮಗಳನ್ನು ಬಿಟ್ಟು ತಿರುಗಿದ. ನೆಲದಿಂದ ಹೆಡ್‌ಫೋನ್ ಎತ್ತಿ ಹಾಕಿಕೊಂಡ. ಎರಡೂ ಕೈಯಿಂದ ಅದನ್ನು ಕಿವಿಗೆ ಒತ್ತಿ ಹಿಡಿದ.

“ಅಪ್ಪ ಅಲ್ಲೇ ಇದ್ರು, ಕೇಳ್ತಾ ಇದ್ರು, ನಗ್ತಾ ಇದ್ರು,” ಎಂದು ಬಿಕ್ಕುತ್ತಿದ್ದಳು ಗಿಣಿ. ಅವನಿಗಲ್ಲ. ಇನ್ಯಾರಿಗೋ.

ತಲೆಯೆತ್ತಿದ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳಿಗೆ ಕಂಡದ್ದು ಇಷ್ಟೇ: ಪೆಟ್ಟಿಗೆಯೊಳಗೆ ನೀಲಿಗಟ್ಟಿ ಅಳುತ್ತಿರುವ ಮಗು, ಅದಕ್ಕೆ ಬೆನ್ನು ಹಾಕಿ, ಹೆಡ್‌ಫೋನ್ ಒತ್ತಿಕೊಂಡು ಕೂತ ಗಂಡ. ಅವಳು ಬಂದು ಮಗಳನ್ನು ಬಾಚಿ ಎತ್ತಿಕೊಂಡಳು. ಅವನು “ತಾಳು, ಹೇಳ್ತೀನಿ,” ಎಂದ. ಎದ್ದು ಹಿಂದೆ ಹೋಗಬೇಕಿತ್ತು. ಆದರೆ ಎದ್ದರೆ ವೈರು ಕಿತ್ತುಬರುತ್ತದೆ, ದನಿ ನಿಲ್ಲುತ್ತದೆ.

ಕೂತೇ ಇದ್ದ. ಅವರು ಬಾಗಿಲು ದಾಟಿದರು. ಮೆಟ್ಟಿಲಿಳಿದರು. ಕಿವಿಯಲ್ಲಿ ಗಿಣಿಯ ದನಿ ಒಂದಿಷ್ಟೂ ಕುಂದದೆ, ಪಕ್ಕದಲ್ಲೇ ಕೂತು ಹೇಳಿದ ಹಾಗೆ ಕೇಳಿಸಿತು.

“ಅಮ್ಮಾ, ಮತ್ತೆ ಇಲ್ಲಿಗೆ ಬರೋದು ಬೇಡ.”