ಕೆನೆಯ ಮರಿಗಳು

"ಬಣ್ಣ ನಮ್ಮ ಕಡೆಯದು, ಗುಂಗುರು ನಿಮ್ಮ ಕಡೆಯದು," ಎಂದಳು ಬಟಾಣಿ.

"ಬಾಲ?" ಎಂದು ಕೇಳಿದ ಟಪಾಲು.

"ಬಾಲ ಯಾರದ್ದಾದ್ರೂ ಇರ್ಲಿ ಕಣೋ. ಓಟ ಮಾತ್ರ ನಮ್ಮ ಕೆನೇದೇ ಬರ್ಬೇಕು."

ಇಬ್ಬರೂ ಶಾಲೆಯ ಕಾಂಪೌಂಡಿನ ಮೇಲೆ ಕಾಲು ಇಳಿಬಿಟ್ಟು ಕೂತು, ಇನ್ನೂ ಹುಟ್ಟದೇ ಇರುವ ನಾಯಿಮರಿಗಳ ಮಾತಾಡುತ್ತಿದ್ದರು.

ಕೆನೆ ಬಟಾಣಿಯ ನಾಯಿ. ಅದರ ತಾಯಿ ಲ್ಯಾಬ್ರಡಾರ್, ತಂದೆ ಜರ್ಮನ್ ಶೆಫರ್ಡ್. ಮೈಯೆಲ್ಲ ಹಾಲಿನ ಕೆನೆಯ ಬಣ್ಣ. ಓಡುವಾಗ ಹಿಂದಿನ ಎರಡೂ ಕಾಲನ್ನು ಒಟ್ಟಿಗೇ ಎತ್ತಿ ಮೊಲದ ಹಾಗೆ ಕುಪ್ಪಳಿಸುತ್ತಿತ್ತು. ಬೀದಿಯ ಜನರೆಲ್ಲ ನಿಂತು ನೋಡಿ ನಗುತ್ತಿದ್ದರು. ಬಟಾಣಿಗೆ ಅದೇ ಹೆಮ್ಮೆ.

ಟಪಾಲು ಅವಳ ಕ್ಲಾಸಿನ ಹುಡುಗ. ಇಲ್ಲಿನ ಸುದ್ದಿ ಅಲ್ಲಿಗೆ, ಅಲ್ಲಿನದು ಇಲ್ಲಿಗೆ ಮುಟ್ಟಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಅವನ ಮನೆಯಲ್ಲಿ ಎತ್ತರದ ಕಪ್ಪು ಪೂಡಲ್ ಒಂದಿತ್ತು. ತಲೆ ಎತ್ತಿಕೊಂಡು, ಯಾರನ್ನೂ ಲೆಕ್ಕಕ್ಕಿಡದೆ ನಡೆಯುತ್ತಿದ್ದ ಅದಕ್ಕೆ ಸಾಹೇಬ ಎಂದೇ ಹೆಸರು.

"ಹಾಗಾದ್ರೆ ಇನ್ನು ನಾವು ಬೀಗರು," ಎಂದ ಟಪಾಲು ಗಂಭೀರವಾಗಿ. "ಕ್ಲಾಸಲ್ಲಿ ಆಗ್ಲೇ ಒಂಬತ್ತು ಜನ ಮರಿ ಬುಕ್ ಮಾಡಿದ್ದಾರೆ."

"ಅಷ್ಟು ಬೇಗ ಹೇಳ್ಬಿಟ್ಯಾ!"

"ಸುದ್ದಿ ಹೊಟ್ಟೇಲಿ ಇಟ್ಕೊಂಡ್ರೆ ನನಗೆ ಹೊಟ್ಟೆ ನೋವು ಬರತ್ತೆ ಕಣೇ."

ಅಂದು ಮಧ್ಯಾಹ್ನ ಬಟಾಣಿಯ ತಲೆಗೆ ಒಂದು ಪಾಠವೂ ಹತ್ತಲಿಲ್ಲ. ಕಿಟಕಿಯಿಂದ ಬಿದ್ದ ಬಿಸಿಲು ಡೆಸ್ಕಿನ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಆ ಬಿಸಿಲಿನೊಳಗಿಂದ ಒಂದೊಂದೇ ಮರಿ ಇಳಿದು ಬಂತು. ಬೆಳ್ಳಗಿನ ಗುಂಗುರಿನದು ನೊರೆ. ಕರಿಯದು ಮಸಿ. ಮುಟ್ಟಿದರೆ ಬೆರಳು ಮುಳುಗಿಹೋಗುವಷ್ಟು ಮೆತ್ತಗಿನದು ಹತ್ತಿ. ಎಲ್ಲಕ್ಕಿಂತ ಸಣ್ಣದೊಂದು ಹಿಂದೆ ಬಂತು. ಅದಕ್ಕಿನ್ನೂ ಹೆಸರು ಹೊಳೆದಿರಲಿಲ್ಲ. ನಾಲ್ಕೂ ಕುಪ್ಪಳಿಸುತ್ತ ಪುಸ್ತಕದ ಸಾಲುಗಳನ್ನು ದಾಟಿ, ಪುಟದ ಅಂಚಿನಿಂದ ಹಾರಿ ಅವಳ ಮಡಿಲಿಗೆ ಬಿದ್ದವು.

ಬಟಾಣಿಯ ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೆಷಿನ್ನಿನ ಕೆಳಗೆ ಬೀಳುವ ಬಟ್ಟೆಚೂರುಗಳ ರಾಶಿಯೇ ಕೆನೆಯ ಹಾಸಿಗೆ. ಸಂಜೆ ಮಗಳು ಹೇಳಿದ್ದನ್ನೆಲ್ಲ ಅಮ್ಮ ಕೇಳಿಸಿಕೊಂಡರು. ಮೆಷಿನ್ ನಿಲ್ಲಿಸಿ ದಾರ ಕತ್ತರಿಸಿದರು.

"ಅಳತೆ ನೋಡದೆ ಬಟ್ಟೆ ಕತ್ತರಿಸ್ಬಾರ್ದು ಕಂದಾ. ಮೊದ್ಲು ನಾಯಿ ಡಾಕ್ಟ್ರಿಗೆ ತೋರಿಸೋಣ."

ಭಾನುವಾರ ಎಲ್ಲರೂ ಕ್ಲಿನಿಕ್ಕಿಗೆ ಹೋದರು. ಟಪಾಲು ಕೂಡ ಬಂದ. ಡಾಕ್ಟರು ತೋಳು ಮಡಿಚಿದ ಬಿಳಿ ಕೋಟು ತೊಟ್ಟ, ಮೆಲುದನಿಯ ಹೆಂಗಸು. ಕೋಟಿನ ತುಂಬ ನಾಯಿಕೂದಲು.

ಅಮ್ಮ ಕೆನೆಯ ವಿಷಯ, ಸಾಹೇಬನ ವಿಷಯ ಎಲ್ಲ ಹೇಳಿದ ಮೇಲೆ, "ಮರಿ ಯಾಕೆ ಬೇಕು?" ಎಂದು ಡಾಕ್ಟರು ಬಟಾಣಿಯನ್ನು ಕೇಳಿದರು.

"ಗುಂಗುರು ಕೂದಲಿನ ಕೆನೆ ಬೇಕು, ಅದಕ್ಕೆ," ಎಂದಳು ಬಟಾಣಿ.

"ಹಾಗೆ ಆರ್ಡರ್ ಕೊಟ್ಟು ಮಾಡಿಸೋಕೆ ಆಗಲ್ಲಮ್ಮ. ಒಂದೇ ಸಲಕ್ಕೆ ಹುಟ್ಟಿದ ಮರಿಗಳಲ್ಲೇ ಒಂದಕ್ಕೆ ಗುಂಗುರು, ಒಂದಕ್ಕೆ ನೆಟ್ಟಗಿನ ಕೂದಲು, ಇನ್ನೊಂದಕ್ಕೆ ಪೊರಕೆ ಕಡ್ಡಿ ಥರ. ನಿನ್ನ ಕೆನೆಯೊಳಗೇ ಎರಡು ತಳಿ ಇದೆ. ಪೂಡಲ್ ಸೇರಿದ್ರೆ ಮೂರು. ಯಾವುದು ಯಾವಾಗ ಹೊರಗೆ ಬರತ್ತೋ ಯಾರಿಗೆ ಗೊತ್ತು?"

"ಕ್ರಾಸ್ ನಾಯಿಗೆ ಕಾಯಿಲೇನೇ ಬರಲ್ವಂತೆ ಡಾಕ್ಟ್ರೇ!" ಎಂದು ಟಪಾಲು ನಡುವೆ ಬಾಯಿ ಹಾಕಿದ. "ಇಂಟರ್‌ನೆಟ್‌ನಲ್ಲಿತ್ತು."

ಡಾಕ್ಟರು ನಕ್ಕರು. "ಬೇರೆ ಬೇರೆ ತಳಿ ಸೇರಿದ್ರೆ ಕೆಲವು ಕಾಯಿಲೆ ಕಡಿಮೆ ಆಗಬಹುದು, ನಿಜ. ಆದ್ರೆ ಎರಡೂ ಕಡೆ ಒಂದೇ ತೊಂದರೆ ಇದ್ರೆ? ಎರಡು ಕೊಡದ ನೀರೂ ಉಪ್ಪಾಗಿದ್ರೆ, ಬೆರೆಸಿದ ಮಾತ್ರಕ್ಕೆ ಸಿಹಿ ಆಗತ್ತಾ? ಅದಕ್ಕೇ ತಂದೆ ತಾಯಿ ಇಬ್ಬರದ್ದೂ ಕಣ್ಣು, ಹೃದಯ, ಸೊಂಟ ಎಲ್ಲ ಮೊದಲೇ ನೋಡೋದು. ತಾಯಿ ಚೆನ್ನಾಗಿ ಬೆಳೆದಿರಬೇಕು. ಹುಟ್ಟಿದ ಮೇಲೆ ಎರಡು ತಿಂಗಳಾದ್ರೂ ಮರಿಗಳು ತಾಯಿ ಹತ್ರಾನೇ ಇರಬೇಕು. ಎಲ್ಲಕ್ಕೂ ಒಳ್ಳೇ ಮನೆ ಸಿಗಬೇಕು."

"ಒಂಬತ್ತು ಮನೆ ರೆಡಿ ಇದೆ!" ಎಂದ ಟಪಾಲು.

"ಭೇಷ್. ಈಗ ಇವಳನ್ನ ಸ್ವಲ್ಪ ಓಡಿಸು, ನೋಡೋಣ."

ಇದಕ್ಕೇ ಕಾದಿದ್ದವಳಂತೆ ಬಟಾಣಿ ಕ್ಲಿನಿಕ್ಕಿನ ಅಂಗಳದಲ್ಲಿ ಓಡಿದಳು. ಕೆನೆ ಅವಳ ಹಿಂದೆ ಕುಪ್ಪಳಿಸಿ ಕುಪ್ಪಳಿಸಿ ಓಡಿತು. ಬಟಾಣಿ ತಿರುಗಿ ನೋಡಿದಳು. ಡಾಕ್ಟರ ಮುಖದಲ್ಲಿ ನಗು ಇರಲಿಲ್ಲ.

"ಯಾವಾಗ್ಲೂ ಹೀಗೇ ಓಡ್ತಾಳಾ?"

"ಹೂಂ. ಚೆನ್ನಾಗಿದೆ ಅಲ್ವಾ?"

"ಒಂದು ಎಕ್ಸ್‌-ರೇ ತೆಗೆಯೋಣ," ಎಂದರು ಡಾಕ್ಟರು.

ಕೆನೆಗೆ ಮಂಪರು ಬರುವ ಇಂಜೆಕ್ಷನ್ ಕೊಟ್ಟು ಒಳಗೆ ಕರೆದೊಯ್ದರು. ಆಮೇಲೆ ಕಂಪ್ಯೂಟರಿನ ಪರದೆಯ ಮೇಲೆ ಕೆನೆಯ ಮೂಳೆಗಳು ಕಂಡವು. ಮಂಜಿನೊಳಗೆ ನಿಂತ ಎಲೆಯಿಲ್ಲದ ಮರದ ಹಾಗೆ, ಬೆಳ್ಳಗೆ, ಮಸುಕಾಗಿ.

"ಇದು ಸೊಂಟದ ಬಟ್ಟಲು. ಇದು ತೊಡೆ ಮೂಳೆಯ ಗುಂಡು. ಗುಂಡು ಬಟ್ಟಲೊಳಗೆ ಸರಿಯಾಗಿ ಕೂರಬೇಕು. ಇಲ್ಲಿ ನೋಡು, ಅರ್ಧ ಹೊರಗೇ ಇದೆ. ಒಂದೊಂದೇ ಕಾಲು ಊರಿದ್ರೆ ನೋಯತ್ತೆ. ಅದಕ್ಕೇ ಎರಡನ್ನೂ ಒಟ್ಟಿಗೆ ಎತ್ತಿ ಹಾಕ್ತಾಳೆ."

ಬಟಾಣಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಕೆನೆ ಆಟಕ್ಕೆ ಕುಪ್ಪಳಿಸುತ್ತಿರಲಿಲ್ಲ. ಇವಳೋ, ಕಂಡಕಂಡವರ ಮುಂದೆಲ್ಲ ಅದನ್ನು ಓಡಿಸಿ ತೋರಿಸಿದ್ದಳು.

"ಮರಿಗಳಿಗೂ ಬರತ್ತಾ?" ಎಂದು ಅಮ್ಮ ಮೆಲ್ಲಗೆ ಕೇಳಿದರು.

"ಬರಬಹುದು. ಎಲ್ಲಕ್ಕೂ ಬರದೇನೂ ಇರಬಹುದು. ಆದ್ರೆ ನನ್ನ ಕೇಳಿದ್ರೆ, ಬೇಡ. ಮರಿಗಳ ಭಾರ ಹೊರೋದು ಇವಳಿಗೂ ಕಷ್ಟ. ಮರಿ ಆಗದ ಹಾಗೆ ಒಂದು ಆಪರೇಷನ್ ಮಾಡಿಬಿಡೋಣ. ತೂಕ ಹೆಚ್ಚದ ಹಾಗೆ ನೋಡ್ಕೊಳ್ಳಿ, ಔಷಧಿ ಕೊಡ್ತೀನಿ. ಆಪರೇಷನ್ ಗಾಯ ಮಾಗಿದ ಮೇಲೆ ಈಜಿಸಿ. ನೀರಲ್ಲಿ ಕಾಲಿನ ಮೇಲೆ ಭಾರ ಬೀಳಲ್ಲ."

ದಾರಿಯಲ್ಲಿ ಟಪಾಲು ಸುಮ್ಮನಿರಲಿಲ್ಲ. "ಎಲ್ಲಕ್ಕೂ ಬರದೇನೂ ಇರಬಹುದು ಅಂದ್ರಲ್ಲ! ಒಂದಕ್ಕೆ ಬಂದ್ರೂ ಮಿಕ್ಕಿದ್ದು ಚೆನ್ನಾಗಿರತ್ತಲ್ವಾ?"

ಬಟಾಣಿ ಅಮ್ಮನ ಮುಖ ನೋಡಿದಳು. ಅಮ್ಮ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. "ನೀನೂ ಒಂದ್ಸಲ ಯೋಚ್ನೆ ಮಾಡು. ಆಮೇಲೆ ಮಾತಾಡೋಣ," ಎಂದರಷ್ಟೆ.

ಮನೆಗೆ ಬಂದ ಮೇಲೂ ಕೆನೆಯ ಮಂಪರು ಇಳಿದಿರಲಿಲ್ಲ. ಬಟ್ಟೆಚೂರುಗಳ ಮೇಲೆ ಮಲಗಿ ಅರೆಗಣ್ಣು ಬಿಡುತ್ತಿತ್ತು. ಬಟಾಣಿ ಪಕ್ಕದಲ್ಲೇ ಒರಗಿದಳು. ಮೆಷಿನ್ನಿನ ಸದ್ದು ದೂರದ ರೈಲಿನ ಹಾಗೆ ಕೇಳುತ್ತಿತ್ತು. ಕಣ್ಣು ಮುಚ್ಚಿದ್ದೇ ತಡ, ಮರಿಗಳು ಬಂದವು.

ಒಂದಕ್ಕೆ ಬಂದ್ರೂ, ಅಂದಿದ್ದ ಟಪಾಲು. ಹಾಗಾದರೆ ಯಾವ ಒಂದಕ್ಕೆ?

ನೊರೆಗಾ? ನೊರೆ ಎಲ್ಲರಿಗಿಂತ ಮುಂದೆ ಓಡುತ್ತಿತ್ತು. ಬೇಡ. ಮಸಿಗಾ? ಮಸಿ ತನ್ನ ಬಾಲವನ್ನೇ ಅಟ್ಟಿಸಿಕೊಂಡು ಸುತ್ತುತ್ತಿತ್ತು. ಪಾಪ, ಬೇಡ. ಹತ್ತಿ ಅವಳ ಅಂಗೈ ನೆಕ್ಕಿತು. ಹತ್ತಿಗಂತೂ ಬೇಡವೇ ಬೇಡ. ಕೊನೆಗೆ ಉಳಿದದ್ದು ಹೆಸರಿಲ್ಲದ ಸಣ್ಣದು. ಅದು ಓಡುತ್ತ ಓಡುತ್ತ ನಡುವೆಯೇ ಕೂತುಬಿಟ್ಟಿತು. ಕೂತು, ಇವಳನ್ನೇ ನೋಡಿತು.

ಬಟಾಣಿ ಕಣ್ಣು ತೆರೆದಳು. ಕೆನ್ನೆ ಒದ್ದೆಯಾಗಿತ್ತು.

"ಅಮ್ಮಾ, ಮರಿ ಬೇಡ," ಎಂದಳು.

ಅಮ್ಮ ಮೆಷಿನ್ ಬಿಟ್ಟು ಎದ್ದು ಬಂದು ಅವಳ ಪಕ್ಕ ನೆಲದ ಮೇಲೇ ಕೂತರು. ತುಂಬ ಹೊತ್ತು ಅವಳ ತಲೆ ನೇವರಿಸುತ್ತಿದ್ದರು.

ಮರುದಿನ ಟಪಾಲು ಪೆಚ್ಚಾದ. "ಒಂಬತ್ತು ಜನಕ್ಕೂ ಇಲ್ಲ ಅನ್ನಬೇಕಾ? ಹೇಳಿಬಂದ ಸುದ್ದೀನ ವಾಪಸ್ ತರೋದು ಹೇಗೇ?"

"ನಾನೂ ಬರ್ತೀನಿ ನಡಿ."

ಇಬ್ಬರೂ ಒಬ್ಬೊಬ್ಬರ ಹತ್ತಿರವೂ ಹೋದರು. ಒಬ್ಬಳು ಮೂತಿ ತಿರುಗಿಸಿದಳು. ಒಬ್ಬ, "ಮೊದ್ಲೇ ಗೊತ್ತಿತ್ತು, ನೀವು ರೀಲು ಬಿಡ್ತಿದ್ದೀರಿ ಅಂತ," ಎಂದ. ಟಪಾಲು ಪ್ರತಿಯೊಬ್ಬರಿಗೂ ಬಟ್ಟಲು, ಗುಂಡು ಎಂದು ಕೈ ಮಡಿಸಿ ತೋರಿಸಿ ವಿವರಿಸಿದ. ಕೊನೆಕೊನೆಗೆ ಅವನ ದನಿ ಥೇಟ್ ಡಾಕ್ಟರ ದನಿಯ ಹಾಗೇ ಆಗಿಬಿಟ್ಟಿತ್ತು.

ಆಪರೇಷನ್ ಆಯಿತು. ಗಾಯ ಮಾಗಿತು. ರಜೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಅಮ್ಮ ಅಂಗಡಿಯ ಬಾಗಿಲು ಹಾಕಿ ಎಲ್ಲರನ್ನೂ ಕೊಳಕ್ಕೆ ಕರೆದುಕೊಂಡು ಹೋದರು. ಸಾಹೇಬ ಮೈ ಒದ್ದೆ ಮಾಡಿಕೊಳ್ಳಲೊಲ್ಲದೆ ದಡದ ಕಲ್ಲಿನ ಮೇಲೆ ಕೂತಿತು.

ಬಟಾಣಿ ಸೊಂಟದ ಮಟ್ಟದ ನೀರಿಗಿಳಿದು ಕೆನೆಯನ್ನು ಕರೆದಳು. ಕೆನೆ ಹಿಂದೆ ಮುಂದೆ ನೋಡಿ, ಮೂಗು ಅದ್ದಿ, ಸೀನಿ, ಕೊನೆಗೆ ಬಂದೇಬಿಟ್ಟಿತು. ಬಟಾಣಿ ಅದರ ಹೊಟ್ಟೆಯ ಕೆಳಗೆ ಕೈ ಇಟ್ಟಳು. ಸ್ವಲ್ಪ ಹೊತ್ತಿಗೆ ಕೈಯ ಮೇಲೆ ಭಾರವೇ ಇಲ್ಲ ಅನ್ನಿಸಿತು. ಕೈ ತೆಗೆದಳು. ಕೆನೆ ತೇಲುತ್ತಿತ್ತು. ಸದ್ದಿಲ್ಲದೆ, ನೋವಿಲ್ಲದೆ ನೀರನ್ನು ಸೀಳುತ್ತ ಹೋಗಿ, ಒಂದು ಸುತ್ತು ಹಾಕಿ ಅವಳತ್ತ ಬಂತು.

ಒದ್ದೆ ಮುಖ ಅವಳ ಮುಖದ ಎದುರಿಗೇ ಬಂದು ನಿಂತಿತು. ಎಡಗಣ್ಣಿನ ಅಂಚಿನಲ್ಲಿ ಜೇನಿನ ಬಣ್ಣದ ಒಂದು ಸಣ್ಣ ಚುಕ್ಕೆ. ಇಷ್ಟು ದಿನ ಜೊತೆಗಿದ್ದೂ ಅದನ್ನು ಅವಳು ನೋಡಿರಲೇ ಇಲ್ಲ.

"ಅಷ್ಟೊತ್ತಿಂದ ಏನ್ ನೋಡ್ತಿದ್ದೀಯೇ?" ಎಂದು ದಡದಿಂದ ಕೂಗಿದ ಟಪಾಲು.

"ಕೆನೇನ," ಎಂದಳು ಬಟಾಣಿ.