ತಲೆಗೆ ಇಷ್ಟು

"ಒಂದ್ನಿಮಿಷ! ಇವರು ಕುಡಿದಿದ್ದು ಬರೀ ಒಂದು ಬಟ್ಟಲು ಸೂಪು. ಇವರ್ಯಾಕೆ ನಮ್ಮಷ್ಟೇ ಕೊಡ್ಬೇಕು?" ಬಿಲ್ಲು ಬಂದ ಹೊತ್ತಿಗೆ, ಗುಂಪಿಗೆ ಹೊಸಬನೊಬ್ಬ ಅವಳತ್ತ ಕೈ ತೋರಿಸಿ ಕೇಳಿದ.

ಮೇಜಿನ ಸುತ್ತಲಿನ ನಗು ಥಟ್ಟನೆ ನಿಂತಿತು.

ಯಾರದೋ ಕನ್ನಡಕ ಒರೆಸುತ್ತಿದ್ದ ಅವಳ ಕೈಯೂ ನಿಂತಿತು.

ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಗೆಳೆಯರು ಇಟ್ಟ ಹೆಸರೂ 'ಕನ್ನಡಕ'ವೇ. ಹೋಟೆಲಿಗೆ ಬಂದಾಗಲೆಲ್ಲ ಎಲ್ಲರ ಕನ್ನಡಕ ಇಸಿದುಕೊಂಡು ಮೆತ್ತನೆಯ ಬಟ್ಟೆಯಲ್ಲಿ ಒರೆಸಿಕೊಡುತ್ತಿದ್ದಳು. ಕೈಗೆ ಕೆಲಸವಿದ್ದರೆ ತಟ್ಟೆ ಖಾಲಿ ಇರುವುದು ಯಾರ ಕಣ್ಣಿಗೂ ಬೀಳುವುದಿಲ್ಲ ನೋಡಿ!

"ಉಂಡು ಊಟಕ್ಕೆ ಹೋಗೋಳನ್ನ ನಿನ್ನೊಬ್ಬಳನ್ನೇ ನೋಡಿದ್ದು ಕಣೇ," ಎಂದು ಅಮ್ಮ ರೇಗಿಸುತ್ತಿದ್ದರು. ತಾನೂ ತರಿಸಿದರೆ ಬಿಲ್ಲು ಇನ್ನಷ್ಟು ಏರೀತೆಂಬ ಭಯ ಅವಳಿಗೆ; ನಕ್ಕು ಹೊರಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಊಟವಲ್ಲ. ಶಾಲೆಯ ದಿನಗಳ ಆ ಗೆಳೆಯರ ನಡುವೆ ತನಗೂ ಒಂದು ಕುರ್ಚಿ... ಅಷ್ಟೇ.

ಆ ಗುಟ್ಟನ್ನು ಈ ಹೊಸಬ ಒಂದೇ ಸಂಜೆಯಲ್ಲಿ ಬಟಾಬಯಲು ಮಾಡಿಬಿಟ್ಟ!

ಲಿಫ್ಟ್ ರಿಪೇರಿ ಮಾಡುವವನಂತೆ. ಊಟದ ನಡುವೆ ಮತ್ತೆ ಮತ್ತೆ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋಗಿ ಬರುತ್ತಿದ್ದ. ಅವನನ್ನು ಕರೆತಂದವನು 'ಯಜಮಾನ'. ಕಾರಿನ ಶೋರೂಮಿನಲ್ಲಿ ದೊಡ್ಡ ಸಂಬಳ, ಅದಕ್ಕಿಂತ ದೊಡ್ಡ ಗಂಟಲು. ಎಲ್ಲರ ಪರವಾಗಿ ಆರ್ಡರ್ ಮಾಡುವವನೂ ಅವನೇ, ಬಿಲ್ಲು ಬಂದಾಗ ಬೆರಳು ತೋರಿಸಿ ಎಣಿಸಿ "ತಲೆಗೆ ಇಷ್ಟು!" ಎಂದು ಕೂಗುವವನೂ ಅವನೇ. ಶಾಲೆಯಲ್ಲಿ ಒಂದು ಬನ್ನನ್ನು ಹಂಚಿಕೊಳ್ಳುವಾಗ ಹುಟ್ಟಿದ ಪದ್ಧತಿ ಅದು. ಬನ್ನು ಹೋಗಿ ಭಾರಿ ಭಾರಿ ತಟ್ಟೆಗಳು ಬಂದರೂ ಪದ್ಧತಿ ಮಾತ್ರ ಹಾಗೇ ಉಳಿದಿತ್ತು.

"ಹೌದಾ ಕನ್ನಡಕ? ನೀನು ಏನೂ ತಿನ್ನಲೇ ಇಲ್ವಾ?" ಯಜಮಾನ ಕೇಳಿದ.

ಎಲ್ಲರ ಕಣ್ಣೂ ಅವಳ ತಟ್ಟೆಯ ಮೇಲೆ. ಅವಳ ಮುಖ ಧಗ್ಗೆಂದಿತು.

"ನನ್ನ ಪಾಲಿನ ಚಿಂತೆ ನಿಮಗ್ಯಾಕ್ರೀ? ನಿಮ್ಮನ್ನ ಯಾರು ಕೇಳಿದ್ರು?" ಎಂದು ಹೊಸಬನ ಮೇಲೆ ಹರಿಹಾಯ್ದಳು. ಬಸ್ ಪಾಸಿಗೆಂದು ಇಟ್ಟಿದ್ದ ದುಡ್ಡನ್ನು ಮೇಜಿಗೆ ಬಡಿದು ಎದ್ದುಹೋದಳು.

ಮರುದಿನದಿಂದ ಅಂಗಡಿಗೆ ನಡೆದೇ ಹೋದಳು. ಹೆಜ್ಜೆಹೆಜ್ಜೆಗೂ ಅವನಿಗೆ ಹಿಡಿಶಾಪ!

ಆಮೇಲೆ ಯಾರೂ ಅವಳನ್ನು ಕರೆಯಲಿಲ್ಲ. ಕೊನೆಗೆ ತಾನೇ ಆ ಗುಂಪಿನಲ್ಲಿದ್ದ, ಬ್ಯೂಟಿ ಪಾರ್ಲರಿನಲ್ಲಿ ಕೆಲಸದ ಗೆಳತಿಗೆ ಫೋನ್ ಮಾಡಿದಳು. ಒಂದೇ ಬೆಂಚಿನಲ್ಲಿ ಕೂತು ಬೆಳೆದವರು ಇಬ್ಬರೂ.

"ನಿಂಗ್ಯಾಕೆ ತೊಂದರೆ ಅಂತ ಕರೀಲಿಲ್ಲ ಕಣೇ... ಬೇಜಾರ್ ಮಾಡ್ಕೋಬೇಡ."

"ಇಲ್ಲಪ್ಪ, ಬೇಜಾರ್ ಯಾಕೆ?" ಎಂದಳು. ಫೋನ್ ಇಟ್ಟ ಮೇಲೆ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಬಾಯಿಗೆ ಬಟ್ಟೆ ಒತ್ತಿ ಅತ್ತಳು.

ಕೆಲವು ವಾರಗಳ ನಂತರ ಆ ಹೊಸಬ ಅಂಗಡಿಗೆ ಬಂದ! ಮೂಗಿನ ಮೇಲೆ ಸೊಟ್ಟಗೆ ಕೂತ ಕನ್ನಡಕ.

"ಕಡ್ಡಿ ಸಡಿಲ ಆಗಿದೆ..."

ಅವಳು ತುಟಿ ಪಿಟಕ್ಕೆನ್ನದೆ ಸರಿಮಾಡಿಕೊಟ್ಟಳು. ಮುಂದಿನ ವಾರ ಮತ್ತೆ ಅದೇ ಕಡ್ಡಿ. ಆಮೇಲೂ ಅದೇ. ಒಮ್ಮೆ ಸ್ಕ್ರೂ ಕಳೆದುಕೊಂಡೇ ಬಂದ. ಹೊಸದು ಬಂದಾಗ ತನ್ನ ಫೋನಿನಿಂದಲೇ ತಿಳಿಸಿದಳು.

"ಲಿಫ್ಟನ್ನೇ ಬಿಚ್ಚಿ ಜೋಡಿಸ್ತೀರಿ. ಈ ಸ್ಕ್ರೂ ತಿರುಗಿಸೋಕೆ ಬರಲ್ವಾ?"

"ಬಿಚ್ಚೋಕೆ ಬಂತು," ಎಂದ ಅವನು ತಲೆ ತಗ್ಗಿಸಿ, "ಕ್ಷಮೆ ಕೇಳೋಕೆ ಬರ್ಲಿಲ್ಲ."

ಅವಳ ಸಿಟ್ಟು ಎಲ್ಲಿ ಹೋಯಿತೋ! ಎಷ್ಟಾದರೂ ತನ್ನ ಖಾಲಿ ತಟ್ಟೆಯನ್ನು ಕಂಡು ಮರುಗಿದವನು ಇವನೊಬ್ಬನೇ ಅಲ್ಲವೇ? ಅವನು ಬರುವ ದಿನ ಅವಳ ಕಣ್ಣು ಬಾಗಿಲ ಕಡೆಗೇ ಇರತೊಡಗಿತು. ಅಯ್ಯೋ ಮನಸ್ಸೇ, ನಿನಗೆ ನಾಚಿಕೆಯಿಲ್ಲವೇ...!

"ನನ್ನ ಬಗ್ಗೆ ಅಷ್ಟು ಕಾಳಜಿ ಇದ್ರೆ ಅವತ್ತು ಗುಟ್ಟಾಗಿ ಹೇಳಬಹುದಿತ್ತು," ಎಂದಳು ಒಂದು ಸಂಜೆ, ಮೆತ್ತಗೆ.

ಅವನ ಮುಖ ಸಪ್ಪಗಾಯಿತು.

"ಕಾಳಜಿ ಅಲ್ಲ. ಸುಳ್ಳು ಹೇಳಲ್ಲ ನಿಮಗೆ. ನನ್ನ ಜೇಬಲ್ಲೇ ಅಷ್ಟು ದುಡ್ಡು ಇರ್ಲಿಲ್ಲ. ನಾನು ತಿಂದಿದ್ದು ಅರ್ಧ ಬ್ರೆಡ್ಡು. 'ನನ್ನ ಕೈಲಾಗಲ್ಲ' ಅನ್ನೋಕೆ ನಾಚಿಕೆ ಆಯ್ತು. ಎದುರಿಗೆ ನಿಮ್ಮ ಸೂಪಿನ ಬಟ್ಟಲು ಕಾಣಿಸ್ತು... ನಿಮ್ಮ ಹೆಗಲ ಮೇಲೆ ಬಂದೂಕು ಇಟ್ಟು ಗುಂಡು ಹಾರಿಸಿಬಿಟ್ಟೆ."

"ಮತ್ತೆ ಆ ಫೋನು?"

"ಆ ಕಡೆ ಯಾರೂ ಇರ್ಲಿಲ್ಲ. ತಟ್ಟೆ ಬಂದಾಗ ಎದ್ದು ಹೋಗೋಕೆ ಒಂದು ನೆಪ."

ಮರುಕವೂ ಅಲ್ಲ, ನ್ಯಾಯವೂ ಅಲ್ಲ... ಬರೀ ಪುಕ್ಕಲುತನ! ಅದಕ್ಕಾಗಿಯೇ ತಾನು ಗೆಳೆಯರನ್ನು ಕಳೆದುಕೊಂಡಿದ್ದು? ಬಾಯೆಲ್ಲ ಕಹಿಯಾಯಿತು.

"ಹೋಗಿ. ಅದೇ ಮೇಜಿನ ಮುಂದೆ, ನನ್ನ ಹೆಸರಲ್ಲಿ ಹೇಳಿದ್ದನ್ನ ನಿಮ್ಮ ಹೆಸರಲ್ಲಿ ಹೇಳಿ. ಆಮೇಲೆ ಕ್ಷಮೆ ಕೇಳಿ."

"ನೀವೂ ಬರ್ತೀರಾ?"

ಬರಬಾರದೆಂದುಕೊಂಡೇ ಹೋಟೆಲಿಗೆ ಬಂದಳು.

ಅವಳ ಕುರ್ಚಿಯ ಮೇಲೆ ಕೈಚೀಲಗಳು ರಾಶಿ ಬಿದ್ದಿದ್ದವು. "ಅರೆ, ನೀನು...!" ಎಂದರೇ ಹೊರತು ಯಾರೂ ಅವುಗಳನ್ನು ಎತ್ತಲಿಲ್ಲ. ಅವನೇ ಒಂದೊಂದಾಗಿ ಎತ್ತಿ ಕೆಳಗಿಟ್ಟ. ಅವಳು ಕೂರಲಿಲ್ಲ.

"ಆರ್ಡರ್ ಮಾಡೋಕೆ ಮುಂಚೆ ಒಂದು ಮಾತು," ಎಂದ ಅವನು. "ತಲೆಗೆ ಇಷ್ಟು ಅಂದ್ರೆ ನನ್ನ ಕೈಲಾಗಲ್ಲ. ಅವತ್ತೂ ಆಗ್ತಿರ್ಲಿಲ್ಲ. ಇವರ ಹೆಸರು ಹೇಳಿ ತಪ್ಪಿಸ್ಕೊಳ್ಳೋಕೆ ನೋಡಿದೆ. ಇನ್ಮೇಲೆ ತಿಂದಷ್ಟಕ್ಕೆ ಕೊಡೋಣ. ಎಲ್ರೂ."

ಯಜಮಾನ ಗಹಗಹಿಸಿ ನಕ್ಕ. "ಇಷ್ಟೇನಾ! ಪಾಪ, ಇವರಿಬ್ಬರದೂ ನನ್ನ ಲೆಕ್ಕಕ್ಕೆ. ಏನ್ ಬೇಕೋ ತಿನ್ರಪ್ಪ!"

ಮೇಜು ಪೂರ್ತಿ ನಕ್ಕಿತು. ಅವಳು ಗೆಳತಿಯ ಕಡೆ ನೋಡಿದಳು. 'ನೀನೊಬ್ಬಳಾದರೂ ನಗಬೇಡ ಕಣೇ...'

"ಅವನೇ ಕೊಡ್ತೀನಿ ಅಂದ್ನಲ್ಲ, ಕೂತ್ಕೊಳ್ಳೇ," ಎಂದಳು ಗೆಳತಿ ಮುಂಗುರುಳು ಸರಿಪಡಿಸಿಕೊಳ್ಳುತ್ತ. "ಸುಮ್ನೆ ಯಾಕೆ ರಂಪ ಮಾಡ್ತೀಯಾ?"

ಅವಳು ಮೇಜಿನ ಸುತ್ತ ಎಲ್ಲರನ್ನೂ ನೋಡಿದಳು.

"ಇಷ್ಟು ವರ್ಷ ನನ್ನ ಪಾಲು ಕೊಟ್ಟಿದ್ದೀನಿ. ನಾನು ತಿನ್ನದೆ ನಿಮ್ಮೆಲ್ಲರ ಪಾಲಲ್ಲೂ ಒಂದಿಷ್ಟು ಕೊಟ್ಟಿದ್ದೀನಿ. ಯಾವತ್ತಾದ್ರೂ ನಿಮ್ಮನ್ನ 'ಪಾಪ' ಅಂದಿದ್ನಾ?"

ಅವಳು ತಿರುಗಿ ನಡೆದಳು, ಅವನು ಹಿಂದೆಯೇ. ಇಬ್ಬರೂ ಹೊರಬಂದರು.

ಬೀದಿಯ ಕೊನೆಯಲ್ಲಿ ಒಂದು ಕಾಫಿ ಅಂಗಡಿ. ಅವನು ಎರಡಕ್ಕೂ ದುಡ್ಡು ಕೊಡಲು ಹೋದಾಗ ಅವಳು ಕೈ ಹಿಡಿದು ತಡೆದಳು. ಅವಳದು ಅವಳೇ ಕೊಟ್ಟಳು. ಲೋಟದಲ್ಲಿ ಕಾಫಿ ಆರುತ್ತಿತ್ತು. ಅವಳ ಕಣ್ಣು ಫೋನಿನ ಮೇಲೇ ಇತ್ತು.

"ಅವರು ಕರೀತಾರೆ ಅಂತ ಕಾಯ್ತಿದ್ದೀರಾ?"

"ಹೂಂ. ಒಂದೇ ಬೆಂಚಲ್ಲಿ ಕೂತವಳು. ಒಂದ್ಸಲ ಫೋನ್ ಮಾಡಲ್ವಾ...?"

ಫೋನು ಸುಮ್ಮನಿತ್ತು. ಅವಳ ಕಣ್ಣು ತುಂಬಿ ಬಂತು. ಅವನು ಎದ್ದು ಬೀದಿ ದೀಪದ ಕೆಳಗೆ ಹೋಗಿ ನಿಂತ. ಮತ್ತೆ ಫೋನು ಕಿವಿಗಿಟ್ಟ.

ಮತ್ತೆ ನೆಪವೇ?

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು! ಗಬಕ್ಕನೆ ಎತ್ತಿಕೊಂಡಳು. ಗೆಳತಿಯಲ್ಲ. ತೆರೆಯ ಮೇಲೆ 'ಲಿಫ್ಟ್' ಎಂಬ ಹೆಸರಿತ್ತು.

"ಹಲೋ..."

"ನೀವು ನಂಗೆ ತುಂಬಾ ಇಷ್ಟ. ಇದನ್ನ ನನ್ನ ಹೆಸರಲ್ಲೇ ಹೇಳ್ತಿದ್ದೀನಿ."

ಅವಳು ತಲೆಯೆತ್ತಿ ನೋಡಿದಳು. ದೀಪದ ಕೆಳಗೆ ಅವನ ಕನ್ನಡಕ ಸೊಟ್ಟಗಿತ್ತು.

"ಹಲೋ? ಆ ಕಡೆ ಯಾರಾದ್ರೂ ಇದ್ದೀರಾ?"

"ಇದ್ದೀನಿ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಇನ್ನೂ ಸಿಟ್ಟಿದೆ... ಆದ್ರೂ ಇದ್ದೀನಿ. ಫೋನ್ ಇಡಬೇಡಿ."