ಮಣ್ಣಾಗದ ಬಾಗಿಲು

ಹನ್ನೆರಡನೇ ತಾರೀಖು ಬೆಳಿಗ್ಗೆ 10.20ಕ್ಕೆ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದರು. ಪರೀಕ್ಷೆಯ ಕಾರಿಗೆ ಕೂರಿಸಬೇಕಿದ್ದ ಬಾಗಿಲಿನ ನಾಲ್ಕು ಒಳಹಲಗೆಗಳು ಕಾಣೆಯಾಗಿದ್ದವು.

"ಯಾವುದರಿಂದ ಮಾಡಿದ್ದು?" ಇನ್‌ಸ್ಪೆಕ್ಟರ್ ಕೇಳಿದರು. ಪ್ಲಾಸ್ಟಿಕ್ ಎಂದರೆ ಅವರಿಗೆ ಗೊತ್ತಿದ್ದದ್ದು ಬಕೆಟ್ಟು, ಮಗ್ಗು ಅಷ್ಟೇ.

"ಮೆಕ್ಕೆಜೋಳದ ಪಿಷ್ಟದ ಪ್ಲಾಸ್ಟಿಕ್, ಸರ್. ಹಗುರ, ಗಟ್ಟಿ. ತೊಂಬತ್ತು ದಿನಕ್ಕೆ ಮಣ್ಣಾಗುತ್ತೆ."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ತಲೆ ಎತ್ತಿದರು. "ಹಂಗಾದ್ರೆ ಚಾರ್ಜ್‌ಶೀಟ್ ಹಾಕೋ ಹೊತ್ತಿಗೆ ಮಾಲೇ ಇರಲ್ಲ, ಸರ್."

"ನೀವು ಬರೀರಿ," ಎಂದರು ಇನ್‌ಸ್ಪೆಕ್ಟರ್. ಎಫ್‌ಐಆರ್ ದಾಖಲಾಯಿತು.

11.45ಕ್ಕೆ ಸ್ಥಳ ಪರಿಶೀಲನೆ. ಬೆಸುಗೆ ಕೋಣೆಯ ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಇಬ್ಬರ ಬಳಿ: ಪ್ರಯೋಗಾಲಯದ ಮೇಡಂ, ಮತ್ತು ಎಲ್ಲರೂ ಬೆಸುಗೆ ಮಾವ ಎಂದು ಕರೆಯುವ ಹಿರಿಯ ಕೆಲಸಗಾರ. ಮಾವ ಅಂದು ರಜೆ.

ಕಸದ ಡಬ್ಬದಲ್ಲಿ ಸಿಕ್ಕ, ಆ ಹಲಗೆಗಳ ಜೊತೆಗೇ ಬೆಸೆದಿದ್ದ ಮಾದರಿ ತುಂಡೊಂದನ್ನು ಮೇಡಂ ಎರಡೇ ಬೆರಳಲ್ಲಿ ಮುರಿದು ತೋರಿಸಿದರು. ಬೆಸುಗೆಯ ಉದ್ದಕ್ಕೂ ಗುಳ್ಳೆ.

"ಈ ಪ್ಲಾಸ್ಟಿಕ್ ಗಾಳಿಯ ತೇವ ಹೀರುತ್ತೆ, ಸರ್. ನಾಲ್ಕು ಗಂಟೆ ಒಣಗಿಸಿ, ಆಮೇಲೆ ಕಾದ ಫಲಕಕ್ಕೆ ಒತ್ತಿ ಕರಗಿಸಿ ಕೂಡಿಸ್ಬೇಕು. ಒಣಗಿಸದಿದ್ರೆ ಹೀಗೇ."

ಇನ್‌ಸ್ಪೆಕ್ಟರ್ ರಿಜಿಸ್ಟರ್ ತಿರುವಿದರು. ಒಣಗಿಸಿದ ಹೊತ್ತನ್ನು ಮಾವ ಪ್ರತಿದಿನ ದುಂಡಗೆ ಬರೆದಿದ್ದರು. ಆ ಹಲಗೆಗಳನ್ನು ಬೆಸೆದ ಒಂಬತ್ತನೇ ತಾರೀಖಿನ ಸಾಲು ಮಾತ್ರ ಖಾಲಿ.

ಮಧ್ಯಾಹ್ನ 3.10ಕ್ಕೆ ಮಾವನ ಮನೆ. ಬಾಗಿಲು ತೆರೆದ ಹೆಂಡತಿ ಪೊಲೀಸರನ್ನು ಕಂಡು ಹೆದರಲಿಲ್ಲ, ಅವರೇ ದೂರು ಶುರುಮಾಡಿದರು.

"ನೀವಾದ್ರೂ ಕೇಳಿ ಸರ್. ಮೂರು ದಿನದಿಂದ ಗಳಿಗೆಗೊಂದು ಸಲ ಗೊಬ್ಬರದ ಗುಂಡಿ ಕೆದಕಿ ನೋಡ್ತಾರೆ, ನಿಟ್ಟುಸಿರು ಬಿಡ್ತಾರೆ. ಇವರಿಗೇನೋ ಆಗಿದೆ."

ಹಿತ್ತಲಲ್ಲಿ ಮಾವ ಗುದ್ದಲಿ ಹಿಡಿದೇ ಸಿಕ್ಕರು. ನಾಲ್ಕೂ ಹಲಗೆಗಳು ತರಕಾರಿ ಸಿಪ್ಪೆ ಹೊದ್ದುಕೊಂಡು ಹೊಸದರಂತೆ ಮಿರಮಿರ ಮಿಂಚುತ್ತಿದ್ದವು. ಮೂಗು ಮುಚ್ಚಿಕೊಂಡ ಇಬ್ಬರು ಪಂಚರ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು.

"ಮಣ್ಣಾಗುತ್ತೆ ಅಂತ ಜಾಹೀರಾತಲ್ಲಿ ಹಾಕಿದ್ರಲ್ಲ ಸರ್," ಎಂದರು ಮಾವ, ಮೋಸಹೋದವರ ದನಿಯಲ್ಲಿ.

ಗುರುತು ಹಿಡಿಯಲು ಬಂದಿದ್ದ ಮೇಡಂ ಹೇಳಿದರು: "ಅದಕ್ಕೆ ದೊಡ್ಡ ಗೊಬ್ಬರ ಘಟಕದಲ್ಲಿ ಅರವತ್ತು ಡಿಗ್ರಿ ಕಾವು ಬೇಕು ಮಾವ. ಇಲ್ಲಿ ನಿಮ್ಮ ಮೊಮ್ಮಗಳ ಕಾಲಕ್ಕೂ ಹೀಗೇ ಇರುತ್ತೆ."

ಮೊಮ್ಮಗಳ ಹೆಸರೆತ್ತಿದ್ದೇ ತಡ, ಮಾವ ಕಲ್ಲಿನ ಮೇಲೆ ಕುಳಿತುಬಿಟ್ಟರು.

4.30ಕ್ಕೆ ಬಂಧನ. ಠಾಣೆಯಲ್ಲಿ ಹೇಳಿಕೆ ಕೊಟ್ಟರು. ಒಂಬತ್ತರಂದು ಮೊಮ್ಮಗಳ ಶಾಲೆಯ ಬೂಟು ನೆಂದಿತ್ತು. ಹಲಗೆಗಳನ್ನು ಹೊರಗಿಟ್ಟು, ಒಣಗಿಸುವ ಪೆಟ್ಟಿಗೆಯಲ್ಲಿ ಬೂಟು ಇಟ್ಟಿದ್ದರು; ತೇವದ ಹಲಗೆಗಳನ್ನೇ ಬೆಸೆದು, ಗುಳ್ಳೆ ಕಂಡಾಗ ಮನೆಗೆ ಒಯ್ದು ಹೂತಿದ್ದರು.

"ಮ್ಯಾನೇಜರ್‌ಗೆ ಹೇಳಬಹುದಿತ್ತಲ್ಲ?" ಇನ್‌ಸ್ಪೆಕ್ಟರ್ ಕೇಳಿದರು.

"ಇಪ್ಪತ್ತೇಳು ವರ್ಷ ಸರ್. ನನ್ನದು ಒಂದು ಬೆಸುಗೆಯೂ ಬಿರುಕು ಬಿಟ್ಟಿಲ್ಲ. ಹೇಳೋಕೆ ಬಾಯಿ ಬರಲಿಲ್ಲ."

"ಸುಮ್ನಿದ್ದಿದ್ರೆ ಕಾರಿಗೆ ಕೂರಿಸ್ತಿದ್ರು. ಯಾರಿಗೂ ಗೊತ್ತಾಗ್ತಿರಲಿಲ್ಲ."

ಮಾವ ತಮ್ಮ ಅಂಗೈ ನೋಡಿಕೊಂಡರು. "ಆ ಬಾಗಿಲಿಗೆ ಯಾರದೋ ಮಗು ಒರಗುತ್ತಲ್ಲ ಸರ್."

ಹೆಡ್ ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿದರು. ಕಾರಣದ ಕಾಲಂನಲ್ಲಿ ಏನು ಹಾಕಲಿ ಎಂದು ಕೇಳಿದಾಗ ಇನ್‌ಸ್ಪೆಕ್ಟರ್ ಪೆನ್ನು ಇಸಿದುಕೊಂಡು ತಾವೇ ಬರೆದರು: "ನಾಚಿಕೆ."